ಪೇಟೆಯ ನಡುವೆ ವ್ಯಸನಮುಕ್ತಿ ಕ್ಲಿನಿಕ್: ಜಾಗ ನೋಡುವುದರಿಂದ ಬಾಗಿಲು ತೆಗೆಯುವವರೆಗೆ

"ಊರಾಚೆ ಅಗ್ಗಕ್ಕೆ ಜಾಗ ಸಿಗುವಾಗ ಪೇಟೆಯಲ್ಲೇ ಯಾಕೆ?" "ಮೆಜೆಸ್ಟಿಕ್ ಹತ್ತಿರ ಮಾಡಿದರೆ ಅಕ್ಕಪಕ್ಕದ ಅಂಗಡಿಯವರು ಬಿಡುತ್ತಾರಾ?" "ಲೈಸೆನ್ಸ್ ಯಾವ್ಯಾವುದು ಬೇಕು?" ಮನೋವೈದ್ಯರು, ಟ್ರಸ್ಟ್ ನಡೆಸುವವರು, ಮಹಡಿ ಖಾಲಿ ಇಟ್ಟುಕೊಂಡು ಬಾಡಿಗೆದಾರರಿಗೆ ಕಾಯುತ್ತಿರುವ ಕಟ್ಟಡದ ಮಾಲೀಕರು, ಎಲ್ಲರ ಪ್ರಶ್ನೆಗಳೂ ಈ ಮೂರರ ಸುತ್ತಲೇ ಇರುತ್ತವೆ. ಇಲ್ಲಿರುವ ಉತ್ತರ ಬೆಂಗಳೂರಿನ ಹಳೇ ಪೇಟೆ, ಗಾಂಧಿನಗರ, ಕಲಾಸಿಪಾಳ್ಯ, ಶಿವಾಜಿನಗರಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಹುಬ್ಬಳ್ಳಿ, ಮೈಸೂರು, ಮಂಗಳೂರಿನವರು ಪಾಲಿಕೆ, ಆಸ್ಪತ್ರೆಗಳ ಹೆಸರು ಬದಲಿಸಿಕೊಂಡು ಓದಬಹುದು. ಕಾನೂನು ಎಲ್ಲ ಕಡೆ ಒಂದೇ.

ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡೋಣ. ಕುಡಿತ ಅಥವಾ ಮಾದಕ ವಸ್ತುವಿನ ಚಿಕಿತ್ಸೆ ಒಮ್ಮೆ ಬಂದು ಹೋದರೆ ಮುಗಿಯುವುದಿಲ್ಲ. ಮೊದಲ ವಾರ ಹೆಚ್ಚುಕಡಿಮೆ ದಿನಾ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ, ಹೀಗೆ ವರ್ಷವಾದರೂ ಬರಬೇಕು. ಪ್ರತಿ ಸಲ ಅರ್ಧ ದಿನದ ಕೂಲಿ ಬಿಟ್ಟು ಎರಡು ಬಸ್ಸು ಹತ್ತಿ ಬರಬೇಕಾದ ಹಮಾಲಿ ಮೂರನೇ ಸಲಕ್ಕೆ ಬರುವುದಿಲ್ಲ. ಅವನು ಹೇಗಿದ್ದರೂ ದಿನಾ ಓಡಾಡುವ ದಾರಿಯಲ್ಲೇ ಕ್ಲಿನಿಕ್ ಇದ್ದರೆ ಬರುತ್ತಾನೆ. ಪೇಟೆ ಬೇಕಾಗುವುದು ಇಷ್ಟಕ್ಕೇ. ಹಾಗೆಂದು ಎಲ್ಲ ಬಗೆಯ ಚಿಕಿತ್ಸೆಗೂ ಪೇಟೆ ಒಗ್ಗುವುದಿಲ್ಲ.

1. ಏನು ತೆರೆಯುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ

ಪೇಟೆಯಲ್ಲಿ ತೆರೆಯಬೇಕಾದದ್ದು ಹೊರರೋಗಿ ಕ್ಲಿನಿಕ್, ಅಂದರೆ ರೋಗಿ ಬಂದು, ನೋಡಿಸಿಕೊಂಡು, ಅದೇ ದಿನ ಮನೆಗೆ ಹೋಗುವಂಥದ್ದು. ಬೇಕಿದ್ದರೆ ಜೊತೆಗೆ ಹಗಲು ಆರೈಕೆ ಇಟ್ಟುಕೊಳ್ಳಿ: ಬೆಳಿಗ್ಗೆ ಬಂದು ಕೆಲವು ಗಂಟೆ ನಿಗಾದಲ್ಲಿದ್ದು ಸಂಜೆಗೆ ಹೊರಡುವ ವ್ಯವಸ್ಥೆ. ಹಾಸಿಗೆಗಳಿರುವ ಕೇಂದ್ರ ಪೇಟೆಯಲ್ಲಿ ಬೇಡ. ಅಲ್ಲಿ ಗಾಳಿ ಬೆಳಕು ಇಲ್ಲ, ಅಡ್ಡಾಡಲು ಅಂಗಳ ಇಲ್ಲ, ಬಾಡಿಗೆ ದುಬಾರಿ. ಪೇಟೆ ಬೇಕೆನ್ನುವುದಕ್ಕೆ ಇದ್ದ ಒಂದೇ ಕಾರಣ ದಾರಿ ಹತ್ತಿರ ಎಂಬುದು. ಒಳಗೆ ಮಲಗಿರುವ ರೋಗಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕಾನೂನಿನ ಗೆರೆಯೂ ಇಲ್ಲೇ ಹಾದುಹೋಗುತ್ತದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂಥವರನ್ನು ದಾಖಲಿಸಿ ಇರಿಸಿಕೊಳ್ಳುವ ಜಾಗ "ಮಾನಸಿಕ ಆರೋಗ್ಯ ಸಂಸ್ಥೆ" ಎನಿಸುತ್ತದೆ, ಅದನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿವರೆಗೆ ದಂಡ. ಮತ್ತೆ ಮತ್ತೆ ಮಾಡಿದರೆ ಅದು 5 ಲಕ್ಷದವರೆಗೂ ಏರುತ್ತದೆ. ಬರೀ ಹೊರರೋಗಿ ಕ್ಲಿನಿಕ್‌ಗೆ ಈ ನೋಂದಣಿ ಬೇಡ.

ತುಂಬಾ ಜನ ಎಡವುವುದು ಇಲ್ಲಿಯೇ. "ಡ್ರಿಪ್ ಹಾಕೋಕೆ ಒಂದೆರಡು ಬೆಡ್ ಇರಲಿ" ಎಂದು ಶುರುವಾಗುತ್ತದೆ. ಒಂದು ದಿನ ರಾತ್ರಿ ಎಂಟಕ್ಕೆ ಬಂದವನನ್ನು "ಬೆಳಿಗ್ಗೆ ಹೋಗಲಿ ಬಿಡಿ" ಎಂದು ಮಲಗಿಸುತ್ತಾರೆ. ಆ ಕ್ಷಣಕ್ಕೆ ನಿಮ್ಮ ಕ್ಲಿನಿಕ್ ನೋಂದಣಿ ಇಲ್ಲದ ಸಂಸ್ಥೆಯಾಯಿತು. ಸಂಜೆ ಬೀಗ ಬೀಳುವ ಹೊತ್ತಿಗೆ ಒಳಗೆ ಒಬ್ಬ ರೋಗಿಯೂ ಇರಕೂಡದು ಎಂಬುದನ್ನು ಮೊದಲ ದಿನವೇ ನಿಯಮ ಮಾಡಿ.

ಹಾಗಾದರೆ ಹಾಸಿಗೆ ಬೇಕಾದವರ ಗತಿ? ಕುಡಿತ ತಟ್ಟನೆ ನಿಂತಾಗ ದೇಹ ತೋರಿಸುವ ನಡುಕ, ಬೆವರು, ನಿದ್ದೆಗೇಡುಗಳನ್ನು ಹಿಂತೆಗೆತದ ಲಕ್ಷಣ ಎನ್ನುತ್ತಾರೆ. ಇವು ಕೊನೆಯ ಗುಟುಕಾದ 6-8 ಗಂಟೆಗೆ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಸನ್ನಿ, ಅಂದರೆ ದಿಕ್ಕು ತೋಚದೆ ಇಲ್ಲದ್ದನ್ನು ಕಾಣುವ ಸ್ಥಿತಿ, ಎರಡರಿಂದ ನಾಲ್ಕನೇ ದಿನದ ನಡುವೆ. ಈ ಗಂಟೆಗಳನ್ನು ಗಡಿಯಾರದ ಮೇಲೆ ಇಟ್ಟು ನೋಡಿ: ಅಪಾಯದ ಹೊತ್ತಿನ ಬಹುಪಾಲು ನಿಮ್ಮ ಬಾಗಿಲು ಮುಚ್ಚಿರುವಾಗಲೇ ಬರುತ್ತದೆ. ಆದ್ದರಿಂದ ಹಿಂದೆ ಫಿಟ್ಸ್ ಅಥವಾ ಸನ್ನಿ ಆದವರು, ಯಕೃತ್ತು ಕೆಟ್ಟವರು, ಮನೆಯಲ್ಲಿ ಮಾತ್ರೆ ಕೊಟ್ಟು ನೋಡಿಕೊಳ್ಳುವವರು ಯಾರೂ ಇಲ್ಲದವರು ಹೊರರೋಗಿ ಚಿಕಿತ್ಸೆಗೆ ತಕ್ಕವರಲ್ಲ. ಇಂಥವರನ್ನು ಎಲ್ಲಿಗೆ ಕಳಿಸುತ್ತೀರಿ ಎಂಬುದು ಕಾಗದದ ಮೇಲೆ ಒಪ್ಪಂದವಾಗಿರಬೇಕು. ಮಾರ್ಕೆಟ್ ಕಡೆಯವರಿಗೆ ವಿಕ್ಟೋರಿಯಾ, ಶಿವಾಜಿನಗರದವರಿಗೆ ಬೌರಿಂಗ್ ಹತ್ತಿರ. ಜಟಿಲವಾದದ್ದಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ. ಈ ಏರ್ಪಾಡು ಆಗದೆ ಜಾಗ ಹುಡುಕಲು ಹೊರಡಬೇಡಿ.

2. ರೋಗಿಯ ದಿನಚರಿ ನೋಡಿ ವೇಳೆ ಗೊತ್ತುಮಾಡಿ

ನೂರು ಗಜದ ಅಂತರದಲ್ಲೇ ಪೇಟೆಯ ಗಡಿಯಾರ ಬದಲಾಗುತ್ತದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ತರಕಾರಿ ಇಳಿಸುವವರ ಕೆಲಸ ನಸುಕಿಗೆ ಮೊದಲೇ ಶುರುವಾಗಿ ಹತ್ತು ಹನ್ನೊಂದಕ್ಕೆ ಮುಗಿಯುತ್ತದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳ ಹುಡುಗರು ಹತ್ತೂವರೆಗೆ ಶಟರ್ ಎತ್ತುತ್ತಾರೆ, ಅವರಿಗೆ ಬಿಡುವು ಅದಕ್ಕೆ ಮುಂಚೆ. ಒಂದೇ ವೇಳಾಪಟ್ಟಿ ಇಬ್ಬರಿಗೂ ಆಗದು.

ಆದರೂ ಒಂದು ಮಾತು ಎಲ್ಲ ಕಡೆಗೂ ಹೊಂದುತ್ತದೆ: ವೈನ್ ಶಾಪ್‌ಗಿಂತ ಮೊದಲು ನಿಮ್ಮ ಬಾಗಿಲು ತೆಗೆಯಬೇಕು. ಸಿಎಲ್-2, ಅಂದರೆ ಕೂತು ಕುಡಿಯಲು ಅವಕಾಶವಿಲ್ಲದ ಚಿಲ್ಲರೆ ಮದ್ಯದಂಗಡಿ, ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ರಾತ್ರಿ ಕುಡಿದವನಿಗೆ ಕೈ ನಡುಗುವುದು ಬೆಳಗಿನ ಆರೇಳಕ್ಕೆ. "ಇವತ್ತಿಗೆ ಬಿಡಬೇಕು" ಅನ್ನಿಸುವುದೂ ಆ ಹೊತ್ತಲ್ಲೇ. ಏಳೂವರೆಗೆ ನೀವು ಸಿಕ್ಕರೆ ಬರುತ್ತಾನೆ, ಹತ್ತೂವರೆಗೆ ತೆಗೆದರೆ ಅಷ್ಟರಲ್ಲಿ ಅವನ ಕೈಯಲ್ಲಿ 90 ಎಂ.ಎಲ್. ಪ್ಯಾಕೆಟ್ ಇರುತ್ತದೆ. ಬೆಳಗಿನ ಪಾಳಿ 7:30ರಿಂದ 11:30, ಸಂಜೆ ಎರಡು ಗಂಟೆ ಮಾಡಿದರೆ ಎರಡೂ ಬಗೆಯವರು ಒದಗುತ್ತಾರೆ. ವಾರದ ಬಟವಾಡೆ ಶನಿವಾರವಾದ್ದರಿಂದ ಸೋಮವಾರ ಬೆಳಿಗ್ಗೆ ಜನ ಹೆಚ್ಚು. ಆವತ್ತು ಒಬ್ಬ ಸಿಬ್ಬಂದಿಯೂ ರಜೆ ಹಾಕದಂತೆ ನೋಡಿಕೊಳ್ಳಿ.

3. ನಡೆದು ನೋಡಿ, ಎಣಿಸಿ

ನಕ್ಷೆಯಲ್ಲಿ ನೋಡಿ ಜಾಗ ಒಪ್ಪಿಕೊಳ್ಳಬೇಡಿ. ಕಟ್ಟಡವೊಂದು ಮನಸ್ಸಿಗೆ ಬಂದರೆ ಮೂರು ಹೊತ್ತು ಅಲ್ಲಿಗೆ ನಡೆದು ಹೋಗಿ: ವಾರದ ದಿನ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಶನಿವಾರ ಸಂಜೆ ಏಳಕ್ಕೆ. ಪ್ರತಿ ಸಲವೂ ಈ ಐದನ್ನು ಬರೆದುಕೊಳ್ಳಿ.

- ಬಸ್ ನಿಲ್ದಾಣ ಅಥವಾ ಮೆಟ್ರೋದಿಂದ ಎಷ್ಟು ನಿಮಿಷ? ಹತ್ತರೊಳಗೆ ಇರಲಿ. ನೇರಳೆ, ಹಸಿರು ಎರಡೂ ಮಾರ್ಗ ಕೂಡುವ ಮೆಜೆಸ್ಟಿಕ್, ಇಲ್ಲವೇ ಹಸಿರು ಮಾರ್ಗದ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ನಿಲ್ದಾಣಗಳನ್ನು ನಡುಬಿಂದು ಮಾಡಿಕೊಂಡು ಹುಡುಕಿ.
- ಆ ದಾರಿಯಲ್ಲಿ ಎಷ್ಟು ಬಾರ್, ವೈನ್ ಶಾಪ್? ಪೇಟೆಯಲ್ಲಿ ಸೊನ್ನೆ ಸಿಗುವುದಿಲ್ಲ, ಆ ಆಸೆ ಬಿಡಿ. ಆದರೆ ನಿಮ್ಮ ಬಾಗಿಲಿನ ಎದುರಿಗೇ, ಅದೇ ಮೆಟ್ಟಿಲ ಬುಡದಲ್ಲೇ, ಅಥವಾ ಕೊನೆಯ ತಿರುವಿನಲ್ಲಿ ಬೇಡವೇ ಬೇಡ. ಬಾರ್ ತಪ್ಪಿಸಿ ಬರಲು ಇನ್ನೊಂದು ಓಣಿ ಇದ್ದರೆ ಆ ಜಾಗಕ್ಕೆ ಒಂದು ಅಂಕ ಹೆಚ್ಚು ಕೊಡಿ.
- ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ? ಹಳೇ ಪೇಟೆಯ ಓಣಿಗಳಲ್ಲಿ ಹಗಲು ಹೊತ್ತು ಆಟೋ ಹೋಗುವುದೇ ಕಷ್ಟ. ವಾಹನ ನಿಲ್ಲಬಲ್ಲ ಜಾಗದಿಂದ ಬಾಗಿಲಿಗೆ 50 ಮೀಟರ್ ಮೀರಬಾರದು. ಅಷ್ಟು ದೂರ ಸ್ಟ್ರೆಚರ್ ಹೊತ್ತು ನೋಡಿದರೆ ಈ ಅಂಕಿ ಯಾಕೆ ಎಂದು ತಿಳಿಯುತ್ತದೆ.
- ಯಾವ ಮಹಡಿ? ನೆಲಮಹಡಿಯ ಬಾಡಿಗೆ ಅಂಗಡಿಯವರಿಗಷ್ಟೇ ಎಟುಕುತ್ತದೆ. ಮೊದಲ ಮಹಡಿ ಸಾಕು. ಅದಕ್ಕೂ ಮೇಲೆ ಹೋಗಬೇಡಿ: ಹಳೇ ಕಟ್ಟಡಗಳ ನಾಲ್ಕು ಜನರ ಲಿಫ್ಟ್‌ನಲ್ಲಿ ಸ್ಟ್ರೆಚರ್ ಮಲಗಿಸಲಾಗದು, ಕೈ ಕಾಲು ನಡುಗುವವರು ಮೂರು ಮಹಡಿ ಹತ್ತಲಾರರು.
- ಮೆಟ್ಟಿಲು ಯಾರ ಜೊತೆ ಹಂಚಿಕೆ? ಚಿನ್ನದಂಗಡಿ, ಕೋಚಿಂಗ್ ಸೆಂಟರ್ ಜೊತೆ ಹಂಚಿಕೊಂಡ ಮೆಟ್ಟಿಲು ಜಗಳದ ಮೂಲ. ಬೇರೆ ದಂತವೈದ್ಯರು, ಲ್ಯಾಬ್, ಕಣ್ಣಿನ ಕ್ಲಿನಿಕ್ ಇರುವ ಕಟ್ಟಡ ಸಿಕ್ಕರೆ ಬಿಡಬೇಡಿ. ಅಲ್ಲಿ ಒಳಗೆ ಹೋಗುವವನು ಹಲ್ಲು ತೋರಿಸಲು ಹೋದನೋ ಬೇರೆ ಯಾವುದಕ್ಕೆ ಹೋದನೋ ಯಾರಿಗೂ ತಿಳಿಯುವುದಿಲ್ಲ.

ಕೊನೆಯದು ತುಂಬಾ ಮುಖ್ಯ. ಸೋದರಮಾವನ ಅಂಗಡಿಯ ಮುಂದಿನಿಂದಲೇ ನಡೆದು "ವ್ಯಸನಮುಕ್ತಿ" ಬೋರ್ಡಿನ ಒಂಟಿ ಬಾಗಿಲೊಳಗೆ ಹೋಗುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಹೆಂಗಸರಿಗಂತೂ ಅದು ಆಗದ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆಸ್ಪತ್ರೆ, ಶಾಲೆ, ದೇವಸ್ಥಾನದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡಬಾರದು ಎಂಬ ನಿಯಮ ಕರ್ನಾಟಕದ ಅಬಕಾರಿ ನಿಯಮಗಳಲ್ಲಿದೆ. "ನಾವು ಬಂದರೆ ಎದುರಿನ ಬಾರ್ ಎತ್ತಿಸಬಹುದು" ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಸಣ್ಣ ಹೊರರೋಗಿ ಕ್ಲಿನಿಕ್‌ಗೆ ಆ ಬಲವಿಲ್ಲ, ಅಂಥ ಮಾತು ಕಿವಿಗೆ ಬಿದ್ದರೆ ಮೊದಲ ದಿನದಿಂದಲೇ ಬಾರ್ ಮಾಲೀಕರು ನಿಮ್ಮ ಮೇಲೆ ತಿರುಗಿ ಬೀಳುತ್ತಾರೆ. ಆ ಜಗಳ ನಿಮಗೆ ಬೇಡ.

4. ಕಟ್ಟಡದ ಕಾಗದ, ಬಾಡಿಗೆ ಕರಾರು

ಜಾಗ ಒಪ್ಪಿತವಾದರೆ ಅಡ್ವಾನ್ಸ್ ಕೊಡುವ ಮೊದಲು ಖಾತಾ, ಮಂಜೂರಾದ ನಕ್ಷೆ, ಸ್ವಾಧೀನ ಪತ್ರ (ಕಟ್ಟಡ ಬಳಕೆಗೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ), ಈ ವರ್ಷದ ಆಸ್ತಿ ತೆರಿಗೆ ರಸೀದಿ, ಇಷ್ಟನ್ನೂ ಕೇಳಿ. ಹಳೇ ಪೇಟೆಯ ಎಷ್ಟೋ ಕಟ್ಟಡಗಳಿಗೆ ಸ್ವಾಧೀನ ಪತ್ರವಿಲ್ಲ, ಕೆಲವು ಅಣ್ಣತಮ್ಮಂದಿರ ಭಾಗದ ವ್ಯಾಜ್ಯದಲ್ಲಿರುತ್ತವೆ. "ಎಲ್ಲಾ ಸರಿಯಿದೆ ಸಾರ್" ಎಂಬ ಮಾತು ಕೇಳಿ ಮುಂದಕ್ಕೆ ಹೋದವರು ಆಮೇಲೆ ಪರವಾನಗಿ ಕಚೇರಿಯಲ್ಲಿ ಸಿಕ್ಕಿಬೀಳುತ್ತಾರೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾಗಿವೆ. ಕಟ್ಟಡ ಯಾವ ಪಾಲಿಕೆಗೆ ಬರುತ್ತದೆಂದು ನೋಡಿ ಅರ್ಜಿ ಬರೆಯಿರಿ, ಹಳೇ ವಿಳಾಸಕ್ಕೆ ಬರೆದರೆ ಮೇಜಿಂದ ಮೇಜಿಗೆ ಅಲೆಯುತ್ತದೆ. ವ್ಯಾಪಾರ ಪರವಾನಗಿಯ ವಿಷಯವನ್ನೂ ಅದೇ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಅದೇ ದಿನ ಕೇಳಿ ಮುಗಿಸಿ.

ಕರಾರಿನಲ್ಲಿ ಬಳಕೆಯ ಉದ್ದೇಶವನ್ನು ಬಿಡಿಸಿ ಬರೆಯಿರಿ: "ಮನೋವೈದ್ಯಕೀಯ ಮತ್ತು ವ್ಯಸನ ಚಿಕಿತ್ಸೆಯ ಹೊರರೋಗಿ ಕ್ಲಿನಿಕ್". ಬರೀ "ಕ್ಲಿನಿಕ್" ಎಂದು ಬರೆದು ಜಾಣತನ ಮಾಡಿದಿರೆಂದುಕೊಳ್ಳಬೇಡಿ. ಮೂರನೇ ತಿಂಗಳು ಪಕ್ಕದವರು ಮಾಲೀಕರ ಕಿವಿ ಚುಚ್ಚುತ್ತಾರೆ, ಆಗ "ನಮಗೆ ಹೇಳಲೇ ಇಲ್ಲ" ಎಂಬ ಒಂದೇ ಮಾತಿಗೆ ನೀವು ಹಾಕಿಸಿದ ಗೋಡೆ, ವೈರಿಂಗ್ ಎಲ್ಲ ನೀರುಪಾಲು. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಹನ್ನೊಂದು ತಿಂಗಳ ಕರಾರಿನ ಚಾಳಿ ಇಲ್ಲಿ ಬೇಡ: ಕನಿಷ್ಠ ಐದು ವರ್ಷ, ಅದರಲ್ಲಿ ಮೊದಲ ಮೂರು ವರ್ಷ ಮಾಲೀಕರು ಬಿಡಿಸುವಂತಿಲ್ಲ ಎಂಬ ಷರತ್ತು, ಬಿಡಿಸುವುದಾದರೆ ಆರು ತಿಂಗಳ ನೋಟಿಸು. ಪಗಡಿ (ಜಾಗ ಕೊಡಲು ಬಾಡಿಗೆಯ ಹೊರತಾಗಿ ಕೇಳುವ ಇಡಿಗಂಟು) ಕೇಳಿದರೆ ಕೈಮುಗಿದು ಬನ್ನಿ, ಅದಕ್ಕೆ ರಸೀದಿಯೂ ಇಲ್ಲ, ವಾಪಸೂ ಇಲ್ಲ.

5. ಪರವಾನಗಿಗಳು

ಬರೀ ಹೊರರೋಗಿ ಕ್ಲಿನಿಕ್‌ಗೆ ಇವು ಬೇಕು.

ಮೊದಲನೆಯದು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಣಿ. ಅರ್ಜಿ ಆನ್‌ಲೈನ್. ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ವೈದ್ಯರ ಕೌನ್ಸಿಲ್ ನೋಂದಣಿ, ಕಟ್ಟಡದ ಕಾಗದ, ತ್ಯಾಜ್ಯ ವಿಲೇವಾರಿಯ ಒಪ್ಪಂದ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸಿಕ್ಕ ನೋಂದಣಿ ಸಂಖ್ಯೆಯೂ ಶುಲ್ಕದ ಪಟ್ಟಿಯೂ ಕಾಣುವಂತೆ ತೂಗುಹಾಕಬೇಕು.

ಎರಡನೆಯದು ಜೈವಿಕ ವೈದ್ಯಕೀಯ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಹಾಸಿಗೆ ಇಲ್ಲದ ಕ್ಲಿನಿಕ್‌ಗೆ ಇದು ಒಂದೇ ಸಲದ್ದು. ಸೂಜಿಗೆ ಬಿಳಿ ಡಬ್ಬಿ, ಹತ್ತಿ ಬ್ಯಾಂಡೇಜಿಗೆ ಹಳದಿ ಚೀಲ, ಸಿರಿಂಜ್ ಟ್ಯೂಬ್‌ಗೆ ಕೆಂಪು, ಗಾಜಿಗೆ ನೀಲಿ. 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಪೇಟೆಯಲ್ಲಿ ತೊಡಕಾಗುವುದು ಗಾಡಿಯಿಂದ: ಹತ್ತರ ನಂತರ ಅದು ಓಣಿಗೆ ಬರಲಾಗದು. ಬೆಳಗಿನ ಎಂಟರೊಳಗೆ ಬರುವಂತೆ ಒಪ್ಪಂದದಲ್ಲೇ ಬರೆಸಿ.

ಮೂರನೆಯದು ಔಷಧ. ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡುವುದಕ್ಕೆ ಔಷಧ ನಿಯಮಗಳ 'ಕೆ' ಅನುಸೂಚಿಯಲ್ಲಿ ವಿನಾಯಿತಿ ಇದೆ, ಖರೀದಿಯ ಬಿಲ್ಲು ಮತ್ತು ಕೊಟ್ಟ ಲೆಕ್ಕ ಇಟ್ಟಿರಬೇಕು ಅಷ್ಟೆ. ಹೊರಗಿನವರಿಗೂ ಮಾರುವ ಔಷಧದಂಗಡಿ ತೆರೆದರೆ 20 ಮತ್ತು 21ನೇ ನಮೂನೆಯ ಲೈಸೆನ್ಸ್, ಕನಿಷ್ಠ 10 ಚದರ ಮೀಟರ್ ಜಾಗ, ನೋಂದಾಯಿತ ಫಾರ್ಮಸಿಸ್ಟ್ ಎಲ್ಲ ಬೇಕು. ಮೊದಲ ವರ್ಷ ಅಂಗಡಿಯ ಗೊಡವೆ ಬೇಡ. ನಡುಕ ತಗ್ಗಿಸಲು ಬಳಸುವ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಹಾಗೂ ಹೆರಾಯಿನ್ ಬಗೆಯ ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಎಚ್1 ಅನುಸೂಚಿಯಲ್ಲಿವೆ. ಇವನ್ನು ಔಷಧದಂಗಡಿ ಕೊಟ್ಟರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರ್ ಮೂರು ವರ್ಷ ಉಳಿಸಬೇಕು. ನಿಮಗೆ ಅಂಗಡಿ ಇಲ್ಲದಿದ್ದರೂ ಅದೇ ಪದ್ಧತಿ ಇಟ್ಟುಕೊಳ್ಳಿ, ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಬ್ಯುಪ್ರೆನಾರ್ಫಿನ್ ಮೆಡಿಕಲ್ ಶಾಪ್‌ನಲ್ಲಿ ಸಿಗುವ ವಸ್ತುವಲ್ಲ, ವ್ಯಸನಮುಕ್ತಿ ಕೇಂದ್ರಗಳಿಗಷ್ಟೇ ಪೂರೈಕೆ. ಆದ್ದರಿಂದ ದಾಸ್ತಾನಿನ ಹೊಣೆ ಪೂರ್ತಿ ನಿಮ್ಮದೇ.

ಬೋರ್ಡಿನದು ಸಣ್ಣ ವಿಷಯ, ಆದರೆ ದಂಡ ಬೀಳುವುದು ಅದಕ್ಕೇ ಬೇಗ: ಕನ್ನಡ 60 ಶೇಕಡಾ ಇರಬೇಕು, ಮೇಲ್ಭಾಗದಲ್ಲಿರಬೇಕು. ಅಲೋಪಥಿ ಸಂಸ್ಥೆಯ ಫಲಕಕ್ಕೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ. ಹೆಸರು ಸಾಧಾರಣವಾಗಿರಲಿ. "ಕುಡಿತ ಬಿಡಿಸುವ ಕೇಂದ್ರ, ನೂರಕ್ಕೆ ನೂರು ಗ್ಯಾರಂಟಿ" ಎಂಬುದು ಪೇಟೆಯ ಗೋಡೆಗಳ ಮೇಲೆ ಬೇಕಾದಷ್ಟಿದೆ. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ ಮಾರುವವರ ಸಾಲಿಗೆ ನಿಮ್ಮ ಬೋರ್ಡೂ ಸೇರಬಾರದು.

6. ಒಳಾಂಗಣ: ಎಷ್ಟು ಜಾಗ, ಹೇಗೆ ಹಂಚಬೇಕು

ದಿನಕ್ಕೆ 40 ರೋಗಿಗಳ ಲೆಕ್ಕ ಹಿಡಿಯೋಣ. ನಾಲ್ಕು ಗಂಟೆಯ ಪಾಳಿಯಲ್ಲಿ ಗಂಟೆಗೆ ಹತ್ತು ಜನ. ಚೀಟಿ, ಬಿ.ಪಿ., ವೈದ್ಯರು, ಆಪ್ತಸಮಾಲೋಚಕರು, ಔಷಧ ಎಲ್ಲ ಸೇರಿ ಒಬ್ಬೊಬ್ಬರು ಸುಮಾರು ಒಂದೂಕಾಲು ಗಂಟೆ ಒಳಗಿರುತ್ತಾರೆ. ಅಂದರೆ ಯಾವ ಹೊತ್ತಿನಲ್ಲಾದರೂ 12-13 ರೋಗಿಗಳು, ಜೊತೆಗೊಬ್ಬರಂತೆ 25 ಜನ. ಸೋಮವಾರದ ನೂಕುನುಗ್ಗಲಿಗೆ ಐದು ಸೇರಿಸಿ, 30 ಕುರ್ಚಿ. ಈ ಲೆಕ್ಕ ಮಾಡದೆ ಹತ್ತು ಕುರ್ಚಿ ಹಾಕಿದರೆ ಉಳಿದ ಇಪ್ಪತ್ತು ಜನ ಪಕ್ಕದಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾರೆ. ಪೇಟೆಯಲ್ಲಿ ಇಂಥ ಕ್ಲಿನಿಕ್‌ಗೆ ಬರುವ ವಿರೋಧದ ಮುಕ್ಕಾಲು ಪಾಲು ಇದರಿಂದಲೇ, ರೋಗದ ಹೆಸರಿನಿಂದಲ್ಲ.

ಒಟ್ಟು 1,100ರಿಂದ 1,200 ಚದರಡಿ ಸಾಕು. ಕಾಯುವ ಜಾಗ ಮತ್ತು ಚೀಟಿ ಕೌಂಟರ್ 400, ವೈದ್ಯರ ಕೋಣೆ ಎರಡು ತಲಾ 100, ಸಮಾಲೋಚನೆ ಕೋಣೆ ಎರಡು ತಲಾ 80, ಎರಡು ಒರಗು ಮಂಚದ ನಿಗಾ ಕೋಣೆ 150, ಔಷಧ ಕೋಣೆ 60, ಶೌಚಾಲಯ ಎರಡು, ಉಳಿದದ್ದು ಓಡಾಟಕ್ಕೆ.

ಗುತ್ತಿಗೆದಾರರಿಗೆ ನೀವೇ ನಿಂತು ಹೇಳಬೇಕಾದವು ಇವು.

ಸಮಾಲೋಚನೆ ಕೋಣೆಯ ಜಿಪ್ಸಂ ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ತಂದು ನಿಲ್ಲಿಸುವುದು ವಾಡಿಕೆ. ಮೇಲಿನ ಸಂದಿನಿಂದ ಒಳಗಿನ ಮಾತೆಲ್ಲ ಕಾಯುವವರಿಗೆ ಕೇಳುತ್ತದೆ. ಗೋಡೆ ಮೇಲಿನ ಆರ್‌ಸಿಸಿ ಚಾವಣಿ ಮುಟ್ಟಬೇಕು, ಒಳಗೆ ಸದ್ದು ತಡೆಯುವ ರಾಕ್‌ವೂಲ್ ತುಂಬಬೇಕು, ಬಾಗಿಲ ಕೆಳಗಿನ ಸಂದು ಮುಚ್ಚಬೇಕು. ಗೋಡೆ ಮುಗಿದ ಮೇಲೆ ಒಳಗೊಬ್ಬರು ಸಹಜವಾಗಿ ಮಾತಾಡಿ, ಹೊರಗೊಬ್ಬರು ನಿಂತು ಕೇಳಿ. ಮಾತು ಅರ್ಥವಾದರೆ ಬಾಕಿ ಹಣ ಕೊಡಬೇಡಿ.

ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಹೊರಗಿನಿಂದಲೂ ಬಿಡಿಸುವಂತಿರಬೇಕು. ಒಳಗೆ ಫಿಟ್ಸ್ ಬಂದು ಬಿದ್ದವನ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ತಳ್ಳಲಾರರು. ನೆಲಕ್ಕೆ ಜಾರದ ಟೈಲ್ಸ್. ಗಾಲಿಕುರ್ಚಿಗಾಗಿ ಬಾಗಿಲು ತೆರವು 900 ಮಿ.ಮೀ., ಇಳಿಜಾರಿದ್ದರೆ 1:12, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ.

ಔಷಧ ಕೋಣೆಯಲ್ಲಿ ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಬೀರು, ಎರಡು ಬೀಗ, ಎರಡು ಕೀಲಿ ಎರಡು ಕೈಯಲ್ಲಿ. ಸಂಜೆ ಎಣಿಸಿ ಇಬ್ಬರೂ ಸಹಿ ಹಾಕಬೇಕು. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಕರಗಲು ಐದರಿಂದ ಹತ್ತು ನಿಮಿಷ ಬೇಕು. ನುಂಗಿದಂತೆ ಮಾಡಿ ಹೊರಗೊಯ್ದು ಮಾರುವುದು ನಡೆಯುವುದು ಈ ಹತ್ತು ನಿಮಿಷದಲ್ಲೇ. ದಾದಿಯ ಕಣ್ಣೆದುರೇ ಮೂರು ಕುರ್ಚಿ ಹಾಕಿ, ಪೂರ್ತಿ ಕರಗಿತೆಂದು ಬಾಯಿ ತೆರೆಸಿ ನೋಡಿಯೇ ಕಳಿಸಿ.

ನಿಗಾ ಕೋಣೆಯಲ್ಲಿ ಆಮ್ಲಜನಕದ ಸಿಲಿಂಡರ್, ಸಕ್ಷನ್ (ಗಂಟಲಲ್ಲಿ ಕಟ್ಟಿದ್ದನ್ನು ಎಳೆದು ತೆಗೆಯುವ ಯಂತ್ರ), ಸಕ್ಕರೆ ನೋಡುವ ಯಂತ್ರ, ಫಿಟ್ಸ್ ನಿಲ್ಲಿಸುವ ಚುಚ್ಚುಮದ್ದು, ನಲಾಕ್ಸೋನ್ (ಹೆರಾಯಿನ್ ಬಗೆಯ ವಸ್ತು ಅತಿಯಾಗಿ ಉಸಿರು ನಿಂತಾಗ ತಿರುಗಿಸುವ ಮದ್ದು), ಥಯಮಿನ್ (ಬಿ1 ಜೀವಸತ್ವ) ಇರಲಿ. ವರ್ಷಾನುಗಟ್ಟಲೆ ಕುಡಿದವರಿಗೆ ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಮೆದುಳಿಗೆ ಪೆಟ್ಟು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಹೊಸದಾಗಿ ಸೇರುವ ದಾದಿಗೆ ಯಾರೂ ಹೇಳಿರುವುದಿಲ್ಲ.

ಸಿಸಿ ಕ್ಯಾಮೆರಾ ಬಾಗಿಲು, ಮೆಟ್ಟಿಲು, ಔಷಧ ಕೋಣೆಗೆ ಸೀಮಿತ. ಕಾಯುವವರ ಮುಖಕ್ಕೆ ಗುರಿಯಿಟ್ಟು ಬೇಡ, ಸಮಾಲೋಚನೆ ಕೋಣೆಯಲ್ಲಂತೂ ಕೂಡದು. ಉದ್ಘಾಟನೆಗೆ ಬಂದ ಪತ್ರಕರ್ತರಿಗೆ ರೋಗಿಗಳ ಫೋಟೋ ಕೊಡಬೇಡಿ. ಮಾಹಿತಿ ಗೋಪ್ಯವಾಗಿಡುವುದು 2017ರ ಕಾಯ್ದೆಯಲ್ಲಿ ರೋಗಿಯ ಹಕ್ಕು.

7. ನೆರೆಯವರು, ಪೊಲೀಸರು

ಬಣ್ಣ ಬಳಿಯುವ ಮೊದಲೇ ಎಡಬಲದ ಹತ್ತತ್ತು ಅಂಗಡಿಗೆ ನೀವೇ ಹೋಗಿ, ಏಜೆಂಟರನ್ನು ಕಳಿಸಬೇಡಿ. ವ್ಯಾಪಾರಿಗಳ ಸಂಘವಿದ್ದರೆ ಅಧ್ಯಕ್ಷರನ್ನು ಮೊದಲು ಕಾಣಿ. ಬೆಳಗಿನ ಬೋಣಿ ಆಗುವ ಮುಂಚೆ ಮಾತ್ರ ಹೋಗಬೇಡಿ, ಮಧ್ಯಾಹ್ನ ಮೂರರ ಸುಮಾರಿಗೆ ಗಿರಾಕಿ ಕಡಿಮೆ.

ಅವರು ಕೇಳುವುದು ಮೂರೇ: ಕುಡುಕರು ಅಂಗಡಿ ಮುಂದೆ ಬಿದ್ದಿರುತ್ತಾರಾ, ಕಳ್ಳತನ ಹೆಚ್ಚುತ್ತದಾ, ಹೆಣ್ಣುಮಕ್ಕಳು ಗಿರಾಕಿಗಳಾಗಿ ಬರುವುದು ನಿಲ್ಲುತ್ತದಾ. ಕರುಣೆಯ ಭಾಷಣ ಮಾಡಬೇಡಿ. ಲಿಖಿತ ಮಾತು ಕೊಡಿ: ಸಾಲು ಹೊರಗೆ ಬರುವುದಿಲ್ಲ, ಟೋಕನ್ ಮೇಲೆ ಕರೆಯುತ್ತೇವೆ, ಮುಂದಿನ ಇಪ್ಪತ್ತು ಅಡಿ ನಮ್ಮ ಆಳು ದಿನಕ್ಕೆರಡು ಸಲ ಗುಡಿಸುತ್ತಾನೆ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ ಹತ್ತು ನಿಮಿಷದಲ್ಲಿ ಬರುತ್ತೇವೆ. ಆ ನಂಬರನ್ನು ಎತ್ತಲು ಪಾಳಿಯಲ್ಲಿ ಒಬ್ಬರ ಹೆಸರು ಗೊತ್ತಾಗಿರಬೇಕು. ಎರಡು ಸಲ ಫೋನ್ ಎತ್ತದಿದ್ದರೆ ಮೂರನೆಯ ಕರೆ ಕಾರ್ಪೊರೇಟರ್‌ಗೆ ಹೋಗುತ್ತದೆ.

ಅಪರಾಧದ ಪ್ರಶ್ನೆಗೆ ಒಂದು ಆಧಾರ ಇಟ್ಟುಕೊಳ್ಳಬಹುದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಾ ಕೇಂದ್ರಗಳ ಸುತ್ತ ನಡೆದ ಹಿಂಸಾಪರಾಧ ಮದ್ಯದಂಗಡಿಗಳ ಸುತ್ತಲಿನದಕ್ಕಿಂತ ಕಡಿಮೆ ಇತ್ತು. ಅದು ಅಲ್ಲಿಯ ಊರಿನ ಮಾತು, ಅವೆನ್ಯೂ ರಸ್ತೆಗೆ ಹಾಗೇ ತಂದು ಅಂಟಿಸಬೇಡಿ. ಆದರೆ ಬಾರ್ ಸಹಿಸಿಕೊಂಡಿರುವ ಬೀದಿ ಕ್ಲಿನಿಕ್‌ಗೆ ಹೆದರುವುದೇಕೆ ಎಂದು ಕೇಳಲು ಅಷ್ಟು ಸಾಕು.

ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್‌ಗೆ ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೇಳಬೇಕಾದದ್ದು ಒಂದೇ: ಕ್ಲಿನಿಕ್ ಬಾಗಿಲಲ್ಲಿ ಕಾದು ನಿಂತು ಹುಡುಗರನ್ನು ಹಿಡಿಯಬೇಡಿ. ಒಂದು ಸಲ ಹಾಗಾದರೆ ಆ ವಾರವಿಡೀ ಯಾರೂ ಬರುವುದಿಲ್ಲ. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ, 1985ರ 64ಎ ಕಲಂ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ನಿಜ. ಆದರೆ ಆ ಚಿಕಿತ್ಸೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಜಾಗದಲ್ಲಾಗಬೇಕು. ನಿಮಗೆ ಆ ಮಾನ್ಯತೆ ಇಲ್ಲದಿದ್ದರೆ "ನಮ್ಮ ಚೀಟಿ ತೋರಿಸಿ, ಕೇಸ್ ಬೀಳಲ್ಲ" ಎಂದು ಯಾರಿಗೂ ಹೇಳಬೇಡಿ.

8. ಮೊದಲ ಮೂರು ತಿಂಗಳು

ಮೊದಲ ತಿಂಗಳು ದಿನಕ್ಕೆ 15 ಜನರಿಗೆ ನಿಲ್ಲಿಸಿ. ಕಳಿಸಿಕೊಡುವ ದಾರಿ, ಔಷಧದ ಲೆಕ್ಕ, ಟೋಕನ್ ಮೂರೂ ಹದಕ್ಕೆ ಬಂದ ಮೇಲೆ ಏರಿಸಿ.

ಮನೆಯವರಿಂದ ಬರುವ ಬೇಡಿಕೆಗೆ ಸಿಬ್ಬಂದಿಯನ್ನು ಸಿದ್ಧಮಾಡಿ. "ಗಾಡಿ ಕಳಿಸಿ ಎತ್ತಾಕ್ಕೊಂಡು ಹೋಗಿ, ಮೂರು ತಿಂಗಳು ಕೂಡಿಹಾಕಿ" ಎನ್ನುತ್ತಾರೆ. ಹಾಗೆ ಮಾಡುವುದು ಅಪರಾಧ. ರೋಗಿ ಒಪ್ಪದಿದ್ದಾಗಿನ ದಾಖಲಾತಿಗೂ ಕಾನೂನಿನಲ್ಲಿ ದಾರಿ ಇದೆ: ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ಗೊತ್ತುಮಾಡಿದವರ) ಅರ್ಜಿ, ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆ, ಮೊದಲಿಗೆ 30 ದಿನದ ಮಿತಿ, ಅದೂ ನೋಂದಾಯಿತ ಸಂಸ್ಥೆಯಲ್ಲಿ ಮಾತ್ರ. ಹಾಗೆಯೇ ರೋಗಿಗೆ ತಿಳಿಯದಂತೆ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಕೊಡುವ ಮಾತ್ರೆ) ಬೆರೆಸಿಕೊಡಿ ಎಂದು ಕೇಳುವವರಿದ್ದಾರೆ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇದಕ್ಕೆ "ಆಗುವುದಿಲ್ಲ ಅಮ್ಮ" ಎಂಬ ಒಂದೇ ಉತ್ತರ, ವಿವರಣೆ ಆಮೇಲೆ.

ಊರಿಗೆ ಹೋಗುವ ರೋಗಿಗೆ ಸಾರಾಂಶದ ಚೀಟಿ ಬರೆದುಕೊಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಚಿಕಿತ್ಸೆ ಅಲ್ಲಿ ಮುಂದುವರಿಯಬಹುದು. ಬಾಗಿಲು ಮುಚ್ಚಿರುವ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ತುರ್ತಿಗೆ 108, ಈ ಮೂರು ಸಂಖ್ಯೆ ಶಟರ್ ಮೇಲೇ ಬರೆಸಿ. ರಾತ್ರಿ ಹನ್ನೊಂದಕ್ಕೆ ಬಂದವನಿಗೆ ಕಾಣುವುದು ಶಟರ್ ಮಾತ್ರ.

ಕೊನೆಯದಾಗಿ ಕ್ಯಾಲೆಂಡರಿನಲ್ಲಿ ಒಣ ದಿನಗಳನ್ನು, ಅಂದರೆ ಮದ್ಯ ಮಾರಾಟ ನಿಷೇಧದ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಅಕ್ಟೋಬರ್ 2ರ ಬಂದ್ ಒಂದು ದಿನದ್ದು. ಚುನಾವಣೆಯಾದರೆ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಪೂರ್ತಿ ಬಂದ್, ಫಿಟ್ಸ್ ಬರುವ ಅವಧಿಗೆ ಸರಿಯಾಗಿ ಹೊಂದುವ ಲೆಕ್ಕ. ಆ ದಿನ ಅಂಗಡಿಗಳಿಗೆ ರಜೆ ಎಂದು ನೀವೂ ರಜೆ ಹಾಕಬೇಡಿ. ಹಿಂದಿನ ವಾರವೇ ಔಷಧದ ದಾಸ್ತಾನು ಒಂದೂವರೆ ಪಟ್ಟು ಮಾಡಿ, ಕಳಿಸಿಕೊಡುವ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಎಷ್ಟಿವೆ ಎಂದು ಕೇಳಿ, ಬೆಳಿಗ್ಗೆ ಏಳಕ್ಕೇ ಶಟರ್ ಎತ್ತಿ.